ಹೊಲದ ತಾಸು, ಗಿರಣಿಯ ತಾಸು

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಸ್ಥಾಪನೆ, ಕಟ್ಟಡ, ದಾನಿಗಳು, ಸೇವೆ ಸಲ್ಲಿಸಿದ ಗುರುಗಳು ಇವುಗಳ ಕುರಿತು ಬರೆಯುವುದು ಸಂಪ್ರದಾಯ. ಆ ಹೊಣೆಯನ್ನು ಇತರ ಲೇಖಕರು ಸಮರ್ಥವಾಗಿ ವಹಿಸಿಕೊಂಡಿರುವುದರಿಂದ ನಾನು ಶಾಲೆಯ ಗೋಡೆಯ ಹೊರಗಿನ ಒಂದು ವಿಷಯವನ್ನು ಆಯ್ದುಕೊಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತಾದ ಮಗು ಆ ತಾಸುಗಳಲ್ಲಿ ಎಲ್ಲಿರುತ್ತಿತ್ತು? ಮಕ್ಕಳ ದುಡಿಮೆಗೆ ಮಿತಿ ಹಾಕಬೇಕೆಂದು ಸರಕಾರಗಳು ಕಾನೂನು ಮಾಡಿದಾಗ ದುಡಿಯುವ ಮನೆಗಳ ತಂದೆ-ತಾಯಂದಿರು ಅದನ್ನು ಹೇಗೆ ಕಂಡರು? ನಮ್ಮ ಸಾಸ್ತೂರದಂಥ ಗಡಿಯೂರಿನ ಶಾಲೆಯ ಇತಿಹಾಸದಲ್ಲಿ ಈ ಪ್ರಶ್ನೆಗೂ ಒಂದು ಸ್ಥಾನವಿರಬೇಕು ಎಂಬುದು ನನ್ನ ನಂಬಿಕೆ.

ಬಡ ಪಾಲಕರಿಗೆ ವಿದ್ಯೆಯ ಬೆಲೆ ತಿಳಿಯದು, ಆದ್ದರಿಂದಲೇ ಮಕ್ಕಳನ್ನು ಕೆಲಸಕ್ಕೆ ಹಚ್ಚುತ್ತಾರೆ ಎಂಬ ಮಾತು ಸಭೆಗಳಲ್ಲಿಯೂ ಶಿಕ್ಷಕರ ಕೊಠಡಿಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಸುಮಾರು ನೂರ ನಲವತ್ತು ವರ್ಷಗಳ ಇತಿಹಾಸ ಈ ಮಾತನ್ನು ಅನುಮೋದಿಸುವುದಿಲ್ಲ. ದುಡಿಯುವ ಮನೆಗಳು ಮಗುವಿನ ತಾಸನ್ನು ಎಂದೂ ಪ್ರತ್ಯೇಕವಾಗಿ ಎಣಿಸಿಲ್ಲ. ದೊಡ್ಡವರ ಕೂಲಿಯೊಂದಿಗೆ ಕೂಡಿಸಿಯೇ ಎಣಿಸಿವೆ. ದೊಡ್ಡವರ ಗಳಿಕೆಗೆ ಭದ್ರತೆ ಬಂದಲ್ಲಿ ಮಗುವಿನ ತಾಸನ್ನು ಬಿಟ್ಟುಕೊಟ್ಟಿವೆ, ಬಾರದಲ್ಲಿ ಕಾನೂನಿನ ಕಣ್ಣು ತಪ್ಪಿಸಿವೆ.

ಭಾರತದಲ್ಲಿ ಮಕ್ಕಳ ತಾಸಿಗೆ ಮೊದಲ ಮಿತಿ ಬಿದ್ದದ್ದು 1881ರ ಕಾರ್ಖಾನೆ ಕಾಯ್ದೆಯಿಂದ. ಏಳು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಬಾರದು. ಏಳರಿಂದ ಹನ್ನೆರಡು ವರ್ಷದವರನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು. ನಡುವೆ ಒಂದು ತಾಸು ವಿಶ್ರಾಂತಿ, ತಿಂಗಳಿಗೆ ನಾಲ್ಕು ರಜೆ. ಏಳು ವರ್ಷದ ಮಗುವಿಗೆ ಒಂಬತ್ತು ತಾಸು! ಇಂದು ಎರಡನೆಯ ತರಗತಿಯಲ್ಲಿ ಮಗ್ಗಿ ಹೇಳುವ ಮಗುವನ್ನು ಕಣ್ಣ ಮುಂದೆ ತಂದುಕೊಂಡರೆ ಈ ಕರುಣೆಯ ಅಳತೆ ತಿಳಿಯುತ್ತದೆ. ಅದೂ ನೂರು ಅಥವಾ ಹೆಚ್ಚು ಜನ ದುಡಿಯುವ, ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆಗಳಿಗೆ ಮಾತ್ರ. ಈ ಕಾಯ್ದೆಯ ಹಿಂದೆ ದಯೆಯಷ್ಟೇ ವ್ಯಾಪಾರವೂ ಇತ್ತು. ಮುಂಬಯಿಯ ನೂಲು ಅಗ್ಗವಾಗಿ ಮಾರಾಟವಾಗುತ್ತಿದ್ದುದು ಲ್ಯಾಂಕಾಶೈರಿನ ಮಾಲೀಕರಿಗೆ ಸಹಿಸಲಾಗಲಿಲ್ಲ. ಇಲ್ಲಿಯ ದುಡಿಮೆಗೆ ಕಡಿವಾಣ ಬೀಳಲೆಂದು ಅವರು ಒತ್ತಾಯಿಸಿದರು. ಅದೇ ಕಾರಣಕ್ಕೆ ನಮ್ಮ ಮಾಲೀಕರೂ ಅನೇಕ ರಾಷ್ಟ್ರೀಯ ಪತ್ರಿಕೆಗಳೂ ವಿರೋಧಿಸಿದವು. ಮ್ಯಾಂಚೆಸ್ಟರ್ ಮತ್ತು ಮುಂಬಯಿ ವಾದಿಸುತ್ತಿದ್ದಾಗ ಮಗುವನ್ನು ನಸುಕಿನಲ್ಲಿ ಎಬ್ಬಿಸಿ ಗಿರಣಿಯ ಬಾಗಿಲಿಗೆ ಕಳಿಸುವ ತಾಯಿಯ ಮಾತು ಆ ವಾದದಲ್ಲಿ ಎಲ್ಲಿಯೂ ಇರಲಿಲ್ಲ.

ದುಡಿಯುವವರ ದನಿ ಮೊದಲು ಬರಹದಲ್ಲಿ ಮೂಡಿದ್ದು 1884ರ ಸೆಪ್ಟೆಂಬರಿನಲ್ಲಿ. ಮಹಾತ್ಮ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರೂ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯಲ್ಲಿ ಗಿರಣಿ ಕಾರ್ಮಿಕರ ಸಭೆ ಕರೆದು, 5,500 ಜನರ ಸಹಿಯುಳ್ಳ ಮನವಿಯನ್ನು ಕಾರ್ಖಾನೆ ಆಯೋಗಕ್ಕೆ ಸಲ್ಲಿಸಿದರು. ವಾರಕ್ಕೊಂದು ದಿನ, ಅದೂ ರವಿವಾರ, ರಜೆ, ಮಧ್ಯಾಹ್ನ ಅರ್ಧ ತಾಸು ಬಿಡುವು, ಬೆಳಗಿನ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಸಂಬಳ, ಗಾಯಗೊಂಡವರಿಗೆ ಪರಿಹಾರ. ಈ ಐದು ಬೇಡಿಕೆಗಳಲ್ಲಿ ಮಕ್ಕಳ ತಾಸು ಪ್ರತ್ಯೇಕವಾಗಿ ಬರುವುದಿಲ್ಲ. ಇದನ್ನು ಮಕ್ಕಳ ಬಗೆಗಿನ ಅನಾದರವೆಂದು ನಾನು ಓದುವುದಿಲ್ಲ. ಬೇಡಿಕೆಗಳ ಕ್ರಮವನ್ನೇ ನೋಡಬೇಕು. ಮೊದಲು ಮನೆಯ ಹಿರಿಯನಿಗೆ ಬಿಡುವು, ಹೊತ್ತಿಗೆ ಸರಿಯಾಗಿ ಸಂಬಳ, ಕೈ ಮುರಿದರೆ ಆಸರೆ. ಇವಿಷ್ಟು ಇದ್ದರೆ ಮಗುವನ್ನು ಗಿರಣಿಗೆ ಕಳಿಸುವ ಅಗತ್ಯವೇ ಅರ್ಧ ತಗ್ಗುತ್ತಿತ್ತು.

1891ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಕನಿಷ್ಠ ವಯಸ್ಸು 9ಕ್ಕೇರಿತು, 9ರಿಂದ 14 ವರ್ಷದ ಮಕ್ಕಳಿಗೆ 7 ತಾಸಿನ ಮಿತಿ ಬಂದಿತು. 1911ರಲ್ಲಿ ಬಟ್ಟೆ ಗಿರಣಿಗಳಲ್ಲಿ ಅದು 6 ತಾಸಾಯಿತು. 1919ರ ವಾಷಿಂಗ್ಟನ್ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಕೈಗಾರಿಕೆಗಳಲ್ಲಿ ಕನಿಷ್ಠ ವಯಸ್ಸು 14 ಎಂದು ಗೊತ್ತುಪಡಿಸಿ, ಭಾರತಕ್ಕೆ ಮಾತ್ರ 12 ಎಂಬ ರಿಯಾಯಿತಿ ಕೊಟ್ಟಿತು. ಅದರಂತೆ 1922ರ ಕಾಯ್ದೆ ಬಂದಿತು. ಕಾಗದದ ಮೇಲೆ ತಾಸುಗಳು ಹೀಗೆ ಇಳಿಯುತ್ತ ಹೋದವು.

ಮನೆಗಳು ಏನು ಮಾಡಿದವು ಎಂಬುದಕ್ಕೆ ಒಂದು ಕಟುವಾದ ಸಾಕ್ಷ್ಯ 1926ರ ತಿದ್ದುಪಡಿಯಲ್ಲಿದೆ. ಒಂದೇ ದಿನ ಮಗುವನ್ನು ಎರಡು ಕಾರ್ಖಾನೆಗಳಲ್ಲಿ ದುಡಿಯಲು ಬಿಡುವ ತಂದೆ-ತಾಯಿಗೆ ಅಥವಾ ಪೋಷಕರಿಗೆ ದಂಡ ವಿಧಿಸುವ ಅವಕಾಶವನ್ನು ಆ ವರ್ಷ ಸೇರಿಸಲಾಯಿತು. ಅಹಮದಾಬಾದಿನಂಥ ಊರುಗಳಲ್ಲಿ ಅರ್ಧ ದಿನದ ಮಗು ಬೆಳಿಗ್ಗೆ ಒಂದು ಗಿರಣಿ, ಮಧ್ಯಾಹ್ನ ಬೇರೊಂದು ಪ್ರಮಾಣಪತ್ರ ಹಿಡಿದು ಇನ್ನೊಂದು ಗಿರಣಿ ಎಂದು ದುಡಿಯುತ್ತಿತ್ತು. ಕಾನೂನು ಮಗುವಿನ ತಾಸನ್ನು ಅರ್ಧಕ್ಕಿಳಿಸಿದಾಗ ಅದರ ಕೂಲಿಯೂ ಅರ್ಧಕ್ಕಿಳಿಯಿತು, ಜೋಳದ ಬೆಲೆ ಇಳಿಯಲಿಲ್ಲ. ಹೀಗೆ ಹೇಳುವಾಗ ಆ ಪಾಲಕರನ್ನು ನಿರ್ದೋಷಿಗಳೆಂದು ನಾನು ಬಿಟ್ಟುಕೊಡುತ್ತಿಲ್ಲ. ಎರಡು ಗಿರಣಿಗಳ ನಡುವೆ ಓಡಿದ ಕಾಲು ಮಗುವಿನದೇ ಆಗಿತ್ತು. ಆದರೆ ದಂಡ ಮೊದಲು ಬರಬೇಕಿತ್ತೇ, ಕೂಲಿ ಮೊದಲು ಬರಬೇಕಿತ್ತೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಈ ಇಬ್ಬಂದಿ ನಮ್ಮ ದೇಶದ್ದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಹತ್ತು ತಾಸಿನ ದಿನಕ್ಕಾಗಿ ಚಳವಳಿ ನಡೆದಾಗ ಗಿರಣಿಯ ಗಂಡಸರು ಮಕ್ಕಳ ತಾಸಿನ ಮಿತಿಯನ್ನು ಉತ್ಸಾಹದಿಂದ ಬೆಂಬಲಿಸಿದರು. ಮಕ್ಕಳಿಲ್ಲದೆ ಯಂತ್ರ ಓಡದು, ಮಕ್ಕಳ ತಾಸು ತಗ್ಗಿದರೆ ತಮ್ಮದೂ ತಗ್ಗೀತು ಎಂಬ ಎಣಿಕೆಯೂ ಅದರಲ್ಲಿತ್ತು. 1844ರಲ್ಲಿ ಅಲ್ಲಿ ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ ಎಂಬ ಪದ್ಧತಿ ಬಂದಿತು. ಮುಂದೆ ಆ ಪದ್ಧತಿಯನ್ನೇ ಕಿತ್ತುಹಾಕಲು ಹೊರಟಾಗ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಲ್ಯಾಂಕಾಶೈರಿನ ಜವಳಿ ಕಾರ್ಮಿಕರು ತಮ್ಮ ಸಂಘಗಳ ಮತದಾನದಲ್ಲಿ ಭಾರಿ ಬಹುಮತದಿಂದ ವಿರೋಧಿಸಿದರು. ಅವರು ಅನಕ್ಷರಸ್ಥರಲ್ಲ, ಸಂಘಟಿತರು, ಪತ್ರಿಕೆ ಓದುವವರು. ಮನೆಯ ಆದಾಯದಲ್ಲಿ ಮಗುವಿನ ಪಾಲನ್ನು ಒಮ್ಮೆ ಸೇರಿಸಿಕೊಂಡ ಮೇಲೆ ಅದನ್ನು ತೆಗೆಯುವುದು ಅವರಿಗೂ ಕಷ್ಟವಾಯಿತು. ಆ ಪದ್ಧತಿ ಕೊನೆಗಂಡದ್ದು 1918ರ ಶಿಕ್ಷಣ ಕಾಯ್ದೆಯಿಂದ.

ಇನ್ನು ನಮ್ಮ ಸೀಮೆಗೆ ಬರೋಣ. ಸಾಸ್ತೂರಿಗೆ ಹತ್ತಿರದ ದೊಡ್ಡ ಗಿರಣಿಯೂರು ಸೊಲ್ಲಾಪುರ. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳಿಸುವ ಆ ಊರಿನಲ್ಲಿ 1877ರಲ್ಲಿ ಮೊದಲ ನೂಲಿನ ಗಿರಣಿ ಎದ್ದಿತು. ಭೀಕರ ಬರದ ವರ್ಷಗಳವು. ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ನಿಲಂಗಾ, ಉದಗೀರಗಳು ಆಗ ಬೀದರ ಜಿಲ್ಲೆಯ ಭಾಗ. ಬ್ರಿಟಿಷರ ಕಾಯ್ದೆ ಸಂಸ್ಥಾನದ ಗಡಿಯವರೆಗೆ ಬಂದು ನಿಲ್ಲುತ್ತಿತ್ತು. ಸೊಲ್ಲಾಪುರದಲ್ಲಿಯೂ ಅದು ಗಿರಣಿಯ ಬಾಗಿಲು ದಾಟಿ ಹೊರಗೆ ಬರಲಿಲ್ಲ. ಕೈಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ ಮಕ್ಕಳಿಗೆ, ಬೀಡಿ ಕಟ್ಟುವ ತಾಯಿಯ ಪಕ್ಕದಲ್ಲಿ ಎಲೆ ಕತ್ತರಿಸುವ ಹುಡುಗಿಯರಿಗೆ ತಾಸಿನ ಎಣಿಕೆ ಇರಲಿಲ್ಲ.

ನಮ್ಮ ಮಕ್ಕಳ ದುಡಿಮೆಯಂತೂ ಹೊಲದ್ದು. ಅದಕ್ಕೆ ಗಡಿಯಾರವಿಲ್ಲ, ಮಳೆ ನಕ್ಷತ್ರಗಳಿವೆ. ಮೃಗಶಿರ ಮಳೆಗೆ ಬಿತ್ತನೆಯ ಹಿಂದೆ ಕಾಳು ಉದುರಿಸಲು, ಶ್ರಾವಣದಲ್ಲಿ ಕಳೆ ಕೀಳಲು, ಭಾದ್ರಪದದಲ್ಲಿ ಹೆಸರು-ಉದ್ದಿನ ಕಾಯಿ ಬಿಡಿಸಲು, ಹಿಂಗಾರಿ ಜೋಳ ಹಾಲುಗಾಳಾದಾಗ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಹಾರಿಸಲು ಮಗು ಬೇಕು. ದನ ಕಾಯುವುದು ವರ್ಷವಿಡೀ. ಎಳ್ಳಮಾವಾಸ್ಯೆಯಂದು ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಲಾತೂರು, ಧಾರಾಶಿವ ಸೀಮೆಯ ಮರಾಠಿಯವರೂ ಅದನ್ನು ವೇಳ ಅಮಾವಾಸ್ಯೆಯೆಂದು ಅಷ್ಟೇ ಸಡಗರದಿಂದ ಆಚರಿಸುತ್ತಾರೆ. ಆ ದಿನ ಮಗುವಿಗೆ ಹೊಲವೆಂದರೆ ಹಬ್ಬ, ಮರುದಿನ ಮತ್ತೆ ಕವಣೆ.

ಈ ಕೆಲಸವನ್ನು ಮನೆಗಳು ಹೇಗೆ ಕಂಡವು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಸ್ವಂತ ಹೊಲದಲ್ಲಿ ತಂದೆಯ ಹಿಂದೆ ನಡೆಯುವ ಹುಡುಗನ ಕೆಲಸವನ್ನು ಯಾರೂ ದುಡಿಮೆಯೆಂದು ಕರೆಯುವುದಿಲ್ಲ, ಅದು ಕಲಿಕೆ. ಅದೇ ಹುಡುಗ ಪರರ ಮನೆಗೆ ವರ್ಷದ ಕರಾರಿನ ಮೇಲೆ ದನ ಕಾಯಲು ಹೋದರೆ ತಾಯಿ ಕಣ್ಣೀರು ಹಾಕುತ್ತಿದ್ದಳು. ಊಟ, ಬಟ್ಟೆ, ಇಷ್ಟು ಜೋಳ ಎಂಬ ಮಾತಿನಲ್ಲಿ ಅವನ ಹಗಲೂ ರಾತ್ರಿಯೂ ಸೇರಿಹೋಗುತ್ತಿದ್ದವು. ಹಿಂದಿನ ಸಾಲದ ಬಡ್ಡಿ ಅದರಲ್ಲಿಯೇ ಕಳೆಯುತ್ತಿತ್ತು. ಕಾನೂನಿಗೆ ಈ ಭೇದ ಕಾಣುವ ಎಷ್ಟೋ ಮೊದಲು ಮನೆಗಳಿಗೆ ಕಂಡಿತ್ತು. ಫುಲೆಯವರು 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಇದನ್ನೇ ಸರಳವಾಗಿ ಹೇಳಿದ್ದಾರೆ: ರೈತಾಪಿ ಜನ ಶಾಲೆಯಿಂದ ದೂರ ಉಳಿಯಲು ಕಡುಬಡತನವೂ, ದನ-ಹೊಲ ನೋಡಿಕೊಳ್ಳಲು ಮಕ್ಕಳು ಬೇಕಾಗಿರುವುದೂ ಕಾರಣ. ಅವರು ಹನ್ನೆರಡು ವರ್ಷದವರೆಗಾದರೂ ಕಡ್ಡಾಯ ಶಿಕ್ಷಣ ಬೇಕೆಂದರು, ಜೊತೆಗೇ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ, ಬಹುಮಾನ ಬೇಕೆಂದರು. ಕಡ್ಡಾಯ ಮತ್ತು ಕಾಸು ಎರಡೂ ಒಟ್ಟಿಗೆ. ಕೊಲ್ಲಾಪುರದ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯ ಮಾಡಿ, ಮಗುವನ್ನು ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡವಿಟ್ಟರು.

ಗಿರಣಿಯೂರಿನ ಹೋರಾಟಕ್ಕೂ ನಮ್ಮ ಹೊಲದೂರಿನ ಶಾಲೆಗೂ ನೇರವಾದ ಒಂದು ಸಂಬಂಧವಿದೆ. ಕಾರ್ಮಿಕ ನಾಯಕ ನಾ. ಮ. ಜೋಶಿಯವರು 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿದವರಲ್ಲಿ ಪ್ರಮುಖರು. ಮುಂದೆ ವಿಟ್ಲಿ ಆಯೋಗವೆಂದು ಹೆಸರಾದ ರಾಯಲ್ ಕಾರ್ಮಿಕ ಆಯೋಗದ ಸದಸ್ಯರೂ ಆಗಿದ್ದರು. ಅವರ ಆಪ್ತ ಕಾರ್ಯದರ್ಶಿಯಾಗಿ ಕೆಲಸ ಮಾಡಿದ ತರುಣ ವ್ಯಂಕಟೇಶ ಖೇಡಗೀಕರರು ಹುಟ್ಟಿದ್ದು ಕನ್ನಡ ನೆಲದ ಸಿಂದಗಿಯಲ್ಲಿ. ಅವರು 1929ರಲ್ಲಿ ಬಂದು ಸೇರಿದ್ದು ನಮ್ಮ ಪಕ್ಕದ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಗೆ. ಸನ್ಯಾಸ ಸ್ವೀಕರಿಸಿ ಸ್ವಾಮಿ ರಾಮಾನಂದ ತೀರ್ಥರಾಗಿ, ಹೈದರಾಬಾದ್ ವಿಮೋಚನೆಯ ನಾಯಕರಾಗಿ ನಾವು ಅವರನ್ನು ಬಲ್ಲೆವು. ಗಿರಣಿಯ ದುಡಿಮೆಯ ಪ್ರಶ್ನೆಗಳನ್ನು ಹತ್ತಿರದಿಂದ ಕಂಡವರು ಹಳ್ಳಿಯ ಶಾಲೆಯ ಕೆಲಸವನ್ನು ಆರಿಸಿಕೊಂಡರು ಎಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ವಿಟ್ಲಿ ಆಯೋಗದ ವರದಿ 1931ರಲ್ಲಿ ಹೊರಬಂದಿತು. ಬೀಡಿ ಕಾರ್ಖಾನೆಗಳಲ್ಲಿ ಐದು ವರ್ಷದ ಮಕ್ಕಳೂ ದಿನವಿಡೀ ದುಡಿಯುವುದನ್ನೂ, ಪಾಲಕರು ಪಡೆದ ಮುಂಗಡಕ್ಕಾಗಿ ಮಗುವಿನ ದುಡಿಮೆಯನ್ನೇ ಒತ್ತೆಯಿಡುವುದನ್ನೂ ಅದು ದಾಖಲಿಸಿತು. ಅದರ ಫಲವಾಗಿ 1933ರಲ್ಲಿ ಮಕ್ಕಳ ದುಡಿಮೆಯ ಒತ್ತೆಯನ್ನು ರದ್ದುಗೊಳಿಸುವ ಕಾಯ್ದೆ ಬಂದಿತು. ಒತ್ತೆಯಿಟ್ಟ ಪಾಲಕರಿಗೆ 50 ರೂಪಾಯಿಯವರೆಗೆ, ಇರಿಸಿಕೊಂಡ ಮಾಲೀಕನಿಗೆ 200 ರೂಪಾಯಿಯವರೆಗೆ ದಂಡ. ಮುಂಗಡವಿಲ್ಲದೆ ಬದುಕುವ ದಾರಿಯನ್ನು ಮಾತ್ರ ಆ ಕಾಯ್ದೆ ಯಾರಿಗೂ ತೋರಿಸಲಿಲ್ಲ. 1934ರಲ್ಲಿ ಕಾರ್ಖಾನೆಯ ಮಕ್ಕಳ ಮಿತಿ 5 ತಾಸಿಗಿಳಿಯಿತು. ಸ್ವಾತಂತ್ರ್ಯಾನಂತರದ 1948ರ ಕಾಯ್ದೆ 14ರೊಳಗಿನವರನ್ನು ಕಾರ್ಖಾನೆಯಿಂದ ಪೂರ್ತಿ ಹೊರಗಿಟ್ಟು, 14 ತುಂಬಿ 15 ತುಂಬದವರಿಗೆ ನಾಲ್ಕೂವರೆ ತಾಸನ್ನು ಗೊತ್ತುಪಡಿಸಿತು. ಸಂವಿಧಾನದ 24ನೆಯ ವಿಧಿ ಇದಕ್ಕೆ ಮುದ್ರೆಯೊತ್ತಿತು. ಇದಕ್ಕೆ ಮುನ್ನ 1946ರಲ್ಲಿ ದೊಡ್ಡವರ ವಾರದ ದುಡಿಮೆ 48 ತಾಸಿಗೆ ಇಳಿದದ್ದರಲ್ಲಿ ಅಂದಿನ ಕಾರ್ಮಿಕ ಖಾತೆಯ ಸದಸ್ಯ ಡಾ. ಅಂಬೇಡ್ಕರರ ಶ್ರಮವಿದೆ. ದೊಡ್ಡವರ ತಾಸು ಮತ್ತು ಕೂಲಿ ಸರಿಯಾಗುತ್ತ ಬಂದ ಗಿರಣಿಯೂರುಗಳಲ್ಲಿ ಕಾರ್ಮಿಕರ ಮಕ್ಕಳು ಶಾಲೆಯ ಕಡೆ ತಿರುಗಿದರು.

ನಮ್ಮಲ್ಲಿ ಅಂಥ ತಿರುವಿಗೆ ಒಂದು ಅವಕಾಶ ಒದಗಿದ್ದು ದುರಂತದ ರೂಪದಲ್ಲಿ. 1972ರ ಬರವನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಕಲ್ಲು ಒಡೆಯುವ, ರಸ್ತೆ ಹಾಕುವ, ಕೆರೆ ಅಗೆಯುವ ಬರಗಾಲದ ಕಾಮಗಾರಿಗಳಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೆಳೆಯಿತು. 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂದ ಆ ಯೋಜನೆ 18 ವರ್ಷ ಮೀರಿದ ಹೆಣ್ಣು-ಗಂಡಿಗೆ ಕೇಳಿದಾಗ ಕೆಲಸ ಕೊಡುವ ಭರವಸೆಯಿತ್ತಿತು. ಕೂಲಿ ಇಬ್ಬರಿಗೂ ಸಮ. ಇದು ಬಾಲದುಡಿಮೆಯ ಕಾಯ್ದೆಯಲ್ಲ, ಅದರ ಹೆಸರಿನಲ್ಲಿ ಮಗುವಿನ ಮಾತೇ ಇಲ್ಲ. ಆದರೂ ತಾಯಿಯ ಕೈಗೆ ಅವಳದೇ ಕೂಲಿ ಬರುವ ದಾರಿಯನ್ನು ತೆರೆದ ಈ ಯೋಜನೆ ಅನೇಕ ದಂಡಗಳಿಗಿಂತ ಹೆಚ್ಚಿನದು ಎಂಬುದು ನನ್ನ ಅಭಿಪ್ರಾಯ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದ ಬಗ್ಗೆ ಸಾಸ್ತೂರಿನವರಿಗೆ ನಾನು ಹೇಳಬೇಕಾದುದಿಲ್ಲ. ದುಡಿಯುವ ಕೈಗಳು ಮಣ್ಣುಗೂಡಿದ ಮನೆಗಳಲ್ಲಿ ಉಳಿದ ಮಕ್ಕಳ ಪಾಲಿಗೆ ಏನು ಬಂದಿತು ಎಂಬುದನ್ನು ಈ ಸಂಚಿಕೆಯ ಓದುಗರಲ್ಲಿ ಅನೇಕರು ಸ್ವತಃ ಬಲ್ಲರು.

ಗುರುಪಾದಸ್ವಾಮಿ ಸಮಿತಿಯ ಹೆಸರನ್ನು ಇಲ್ಲಿ ಹೇಳಬೇಕು. ಮೈಸೂರು ಸೀಮೆಯ ಎಂ. ಎಸ್. ಗುರುಪಾದಸ್ವಾಮಿಯವರ ಅಧ್ಯಕ್ಷತೆಯಲ್ಲಿ 1979ರಲ್ಲಿ ನೇಮಕವಾದ ಬಾಲದುಡಿಮೆ ಸಮಿತಿಯು, ಬಡತನ ಇರುವವರೆಗೆ ಸಂಪೂರ್ಣ ನಿಷೇಧ ಕಾರ್ಯಸಾಧ್ಯವಲ್ಲ, ಅಪಾಯದ ಕೆಲಸಗಳಲ್ಲಿ ನಿಷೇಧ, ಉಳಿದೆಡೆ ನಿಯಂತ್ರಣ ಇರಲಿ ಎಂದಿತು. 1986ರ ಕಾಯ್ದೆ ಆ ದಾರಿಯಲ್ಲಿಯೇ ನಡೆದು, ನಿಷೇಧವಿಲ್ಲದ ಕೆಲಸಗಳಲ್ಲಿ ಬಿಡುವೂ ಸೇರಿ ದಿನಕ್ಕೆ 6 ತಾಸು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ ಎಂಬ ಮಿತಿ ಹಾಕಿತು. ಇದರ ಸುತ್ತ ಎರಡು ಭಿನ್ನ ದನಿಗಳು ನಮ್ಮ ಆಸುಪಾಸಿನಲ್ಲಿಯೇ ಎದ್ದವು. ಕರ್ನಾಟಕದಲ್ಲಿ 1990ರಲ್ಲಿ ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘ, ನಮ್ಮನ್ನು ಕೇಳದೆ ಕೆಲಸದಿಂದ ಹೊರಹಾಕಬೇಡಿ, ಗೌರವದ ಕೆಲಸಕ್ಕೂ ಕಲಿಕೆಗೂ ವೇಳೆ ಕೊಡಿ ಎಂಬ ನಿಲುವು ತಾಳಿತು. ಹೈದರಾಬಾದಿನ ಪಕ್ಕದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಶಾಂತಾ ಸಿನ್ಹಾ ಅವರ ನೇತೃತ್ವದ ಎಂ. ವಿ. ಫೌಂಡೇಶನ್, ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ, ಬಡ ಪಾಲಕರು ಶಾಲೆಯನ್ನು ಬಯಸುತ್ತಾರೆ, ಅವರಿಗೆ ಬೇಕಾದದ್ದು ಒಳಗೆ ಕರೆದುಕೊಳ್ಳುವ ಶಾಲೆ ಎಂದು ವಾದಿಸಿ, ಕೆಲಸದಲ್ಲಿದ್ದ ಅಸಂಖ್ಯ ಮಕ್ಕಳನ್ನು ತರಗತಿಗೆ ತಂದಿತು. ನಾನು ಎರಡನೆಯವರ ಪಕ್ಷ. ಆದರೆ ಮೊದಲನೆಯವರ ಮಾತಿನಲ್ಲಿ ಒಂದು ಅಂಶವನ್ನು ಒಪ್ಪುತ್ತೇನೆ: ಮಗುವನ್ನೂ ಮನೆಯನ್ನೂ ಕೇಳದೆ ತಾಸು ಗೊತ್ತುಪಡಿಸಿದರೆ ಆ ತಾಸು ಬೇರೆಡೆ ಹೋಗಿ ಅಡಗಿಕೊಳ್ಳುತ್ತದೆ.

ಇಂದು ನಮ್ಮಲ್ಲಿ ಅದು ಅಡಗಿರುವುದು ಕಬ್ಬಿನ ಗದ್ದೆಯಲ್ಲಿ. ದಸರೆ-ದೀಪಾವಳಿಯ ಹೊತ್ತಿಗೆ ಮರಾಠವಾಡಾದ ಕುಟುಂಬಗಳು ಸಾಂಗಲಿ, ಸಾತಾರಾ, ಕೊಲ್ಲಾಪುರಗಳಿಗೂ ಬೆಳಗಾವಿ, ಬಾಗಲಕೋಟೆಗಳಿಗೂ ಕಬ್ಬು ಕಡಿಯಲು ಹೊರಡುತ್ತವೆ. ಗಂಡ-ಹೆಂಡತಿಯ ಜೋಡಿಗೆ ಒಂದು ಕೊಯ್ತಾ ಎಂದು ಲೆಕ್ಕ. ಮುಕಾದಮನಿಂದ ಮೊದಲೇ ಉಚಲ, ಅಂದರೆ ಮುಂಗಡ, ಪಡೆದಿರುತ್ತಾರೆ. ಕಡಿದ ಕಬ್ಬಿನ ತೂಕದ ಮೇಲೆ ಅದು ತೀರಬೇಕು. ಕತ್ತಲಿರುವಾಗಲೇ ಕಡಿತ ಆರಂಭ, ಲಾರಿ ಬಂದರೆ ರಾತ್ರಿಯೂ ಹೇರಬೇಕು. ಕಾಗದದಲ್ಲಿ ಮಗುವಿನ ಹೆಸರಿಲ್ಲ. ಹೊರೆ ಕಟ್ಟಲು, ತುದಿಯ ಸೋಗೆ ಒಟ್ಟಲು, ತಮ್ಮನನ್ನು ಎತ್ತಿಕೊಂಡಿರಲು ಮಗು ಬೇಕು. 1933ರ ಕಾಯ್ದೆ ರದ್ದು ಮಾಡಿದ ಒತ್ತೆ ಇಲ್ಲಿ ಇಡೀ ಕುಟುಂಬದ ಒತ್ತೆಯಾಗಿ ಉಳಿದಿದೆ. ಕಾರ್ಖಾನೆಗಳ ಬಳಿ ನಡೆದ ಸಾಖರ ಶಾಳೆಗಳು, ಊರುಗಳಲ್ಲಿ ತೆರೆದ ಹಂಗಾಮಿ ವಸತಿಗೃಹಗಳು ಕೆಲಮಟ್ಟಿಗೆ ನೆರವಾಗಿವೆ. ಅಜ್ಜಿಯ ಬಳಿ ಬಿಟ್ಟುಹೋದ ಹುಡುಗ ನಾಲ್ಕಾರು ತಿಂಗಳು ಶಾಲೆ ತಪ್ಪಿಸುವುದಿಲ್ಲ. ಹುಡುಗಿಯನ್ನು ಬಿಟ್ಟುಹೋಗಲು ತಾಯಿ ಹೆದರುತ್ತಾಳೆ. ಆ ಹೆದರಿಕೆಯನ್ನು ಅಜ್ಞಾನವೆನ್ನುವವರು ಅವಳ ಮನೆಯ ಬಾಗಿಲಿನ ಚಿಲಕವನ್ನು ಒಮ್ಮೆ ನೋಡಬೇಕು.

ಹುಡುಗಿಯ ಪ್ರಶ್ನೆ ಬಂದಾಗ ನಾನು ಮನೆಗಳ ಪರವಾಗಿ ಇಷ್ಟು ಹೊತ್ತು ಆಡಿದ ಮಾತು ಸ್ವಲ್ಪ ತಡೆಯುತ್ತದೆ. ಮಗನ ದುಡಿಮೆಯ ತಾಸನ್ನು ಬಿಟ್ಟುಕೊಡಲು ಸಿದ್ಧವಾದ ಮನೆಗಳಲ್ಲಿಯೂ ಮಗಳ ತಾಸು ಲೆಕ್ಕಕ್ಕೆ ಬರಲಿಲ್ಲ. ನೀರು ತರುವುದು, ರೊಟ್ಟಿ ಬಡಿಯುವುದು, ಕೂಸನ್ನು ಆಡಿಸುವುದು, ಸೆಗಣಿ ಬಾಚುವುದು ಕೆಲಸವೆಂದೇ ಎಣಿಕೆಯಾಗಲಿಲ್ಲ. ಕಾನೂನು ಕೂಡ ಇಲ್ಲಿ ಮನೆಯ ಯಜಮಾನನ ಪಕ್ಷವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಂತರ 2016ರಲ್ಲಿ ಬಾಲದುಡಿಮೆ ಕಾಯ್ದೆ ತಿದ್ದುಪಡಿಯಾಗಿ, 14 ವರ್ಷದೊಳಗಿನವರ ದುಡಿಮೆ ಎಲ್ಲೆಡೆ ನಿಷಿದ್ಧವಾಯಿತು. ಶಾಲೆಯ ಸಮಯದ ನಂತರ ಮತ್ತು ರಜೆಯಲ್ಲಿ ಕುಟುಂಬಕ್ಕೆ ನೆರವಾಗುವುದನ್ನು ಮಾತ್ರ ಬಿಟ್ಟುಕೊಡಲಾಯಿತು. ಗಿರಣಿಯ ಮಗುವಿಗೆ 1881ರಿಂದ ಒಂಬತ್ತು, ಏಳು, ಆರು, ಐದು ಎಂದು ಪ್ರತಿ ಸಲವೂ ಒಂದು ಅಂಕೆಯಿತ್ತು. ಮನೆಯ ಮಗುವಿಗೆ ಅಂಕೆಯೇ ಇಲ್ಲ. ಶಾಲೆ ಬಿಟ್ಟ ಮೇಲೆ ಮಲಗುವವರೆಗಿನ ಎಲ್ಲ ತಾಸೂ ಮನೆಯದು.

ಕೊಯ್ತಾ ಜೋಡಿಗಳು ಹೊರಡುವ ಮುನ್ನ ನಾವು ಶಿಕ್ಷಕಿಯರು ಮನೆಗಳಿಗೆ ಹೋಗುತ್ತೇವೆ. ಯಾರು ಹೋಗುತ್ತಾರೆ, ಎಷ್ಟು ಉಚಲ ಪಡೆದಿದ್ದಾರೆ, ಅಜ್ಜ-ಅಜ್ಜಿ ಗಟ್ಟಿಯಾಗಿದ್ದಾರೆಯೇ, ಹುಡುಗಿಗೆ ರಾತ್ರಿ ಜೊತೆಗೆ ಯಾರಿರುತ್ತಾರೆ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಮಗುವನ್ನು ಇಲ್ಲಿಯೇ ಬಿಡಲು ಒಪ್ಪುವ ತಾಯಂದಿರು ಬಹುತೇಕ ಒಂದೇ ಮಾತು ಕೇಳುತ್ತಾರೆ: ಶಾಲೆ ಬಿಡುವ ಹೊತ್ತಿಗೂ ಅಜ್ಜಿ ಕೂಲಿಯಿಂದ ಮನೆಗೆ ಬರುವ ಹೊತ್ತಿಗೂ ನಡುವಿನ ಎರಡು ತಾಸು ಮಗುವನ್ನು ಶಾಲೆಯಲ್ಲಿಯೇ ಇರಿಸಿಕೊಳ್ಳುವಿರಾ?